ಮೂರು ಗಂಟೆ ಕೂರಿಸಿದ ಮೇಷ್ಟ್ರು

ಲೆಕ್ಕದ ಮೇಷ್ಟ್ರು ಕೈಗಡಿಯಾರವನ್ನು ಅಂಗೈ ಕಡೆಗೆ ಕಟ್ಟಿಕೊಳ್ಳುತ್ತಿದ್ದರು. ಹೊತ್ತು ನೋಡಬೇಕಾದಾಗೆಲ್ಲ ಏನೋ ಬೇಡುವವರ ಹಾಗೆ ಅಂಗೈ ಮುಂದೆ ಚಾಚುವರು. ಅವರು ಮೊದಲ ಸಲ ನಮ್ಮ ಮನೆ ಜಗಲಿಗೆ ಬಂದಾಗ ಹಾಗೆ ಕೈ ಚಾಚಿದ್ದನ್ನು ಕಂಡು ನಾನು ಒಂದು ಚೂರು ಬೆಲ್ಲ ಇಟ್ಟುಬಿಟ್ಟೆ. ಅವರು ನಗಲಿಲ್ಲ. ಬೆಲ್ಲ ಬಾಯಿಗೆ ಹಾಕಿಕೊಂಡು, ಗಡಿಯಾರ ನೋಡಿ, "ಹತ್ತೂಕಾಲಮ್ಮ" ಎಂದರು.

ಮೊಮ್ಮಕ್ಕಳೇ, ನಿಮ್ಮಮ್ಮ ನರ್ಸ್ ಆದದ್ದು ಹೇಗೆ ಎಂದು ಕೇಳುತ್ತೀರಿ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಶಿರಾ ಹತ್ತಿರ, ತಾವರೆಕೆರೆ ಕಡೆಯ ನಮ್ಮ ಹಳ್ಳಿಯಿಂದ ಹೈಸ್ಕೂಲಿಗೆ ಎರಡು ಮೈಲಿ ನಡೆಯಬೇಕಿತ್ತು. ಮೇಷ್ಟ್ರು ಪಾವಗಡದ ಕಡೆಯವರು. ಸಿಟ್ಟು ಬಂದರೆ ತೆಲುಗು, ಸಮಾಧಾನವಾದರೆ ಕನ್ನಡ. ಪರೀಕ್ಷೆ ಹತ್ತಿರ ಬಂದಾಗ ಭಾನುವಾರಗಳಲ್ಲಿ ಹತ್ತನೇ ಕ್ಲಾಸಿನ ಮಕ್ಕಳ ಮನೆಗಳಿಗೆ ನಡೆದೇ ಹೋಗುವರು. ಒಳಗೆ ಬರುತ್ತಿರಲಿಲ್ಲ, ಅರ್ಧ ಲೋಟಕ್ಕಿಂತ ಹೆಚ್ಚು ಮಜ್ಜಿಗೆ ಕುಡಿಯುತ್ತಿರಲಿಲ್ಲ. ಹುಡುಗಿ ಓದುತ್ತಾಳಾ ಎಂದೂ ಕೇಳುತ್ತಿರಲಿಲ್ಲ. "ಹುಡುಗಿ ಕೂರೋ ಜಾಗ ಎಲ್ಲಮ್ಮಾ?" ಎನ್ನುವರು. ಎಲ್ಲ ಮನೆಯಲ್ಲೂ ಅದೇ ಪ್ರಶ್ನೆ.

ಆ ವರ್ಷ ನಿಮ್ಮಮ್ಮ ಪ್ರಿಪರೇಟರಿ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಫೇಲಾಗಿದ್ದಳು. ಮೂರು ಗಂಟೆಯ ಪರೀಕ್ಷೆಯಲ್ಲಿ ಒಂದು ಗಂಟೆಗೇ ಎದ್ದು ಪೇಪರು ಕೊಟ್ಟು ಬಂದಿದ್ದಳಂತೆ. ನಿಮ್ಮ ತಾತ ಖಂಡಿತವಾಗಿ ಹೇಳಿಬಿಟ್ಟಿದ್ದರು: ದೊಡ್ಡ ಪರೀಕ್ಷೆಯಲ್ಲೂ ಫೇಲಾದರೆ ಓದು ಸಾಕು, ಕೊರಟಗೆರೆಯ ಸೋದರತ್ತೆಯ ಮಗನಿಗೆ ಕೊಟ್ಟು ಮದುವೆ.

ಆಮೇಲೊಂದು ಭಾನುವಾರ ಮೇಷ್ಟ್ರು ಜಗಲಿಯಲ್ಲಿ ಕೂತಿದ್ದಾಗಲೇ ನಮ್ಮತ್ತೆ ಒಳಗಿಂದ ಕರೆಯುತ್ತಿದ್ದರು. "ಏ ಹುಡ್ಗೀ, ನೀರು ತಾರೇ." "ಲೇ, ಮರಿಗೆ ಸೊಪ್ಪು ಹಾಕ್ದೇನೇ?" ಒಂದೊಂದು ಕೂಗಿಗೂ ಅವಳು ಪುಸ್ತಕ ಮಗುಚಿ ಓಡುವಳು. ಮೇಷ್ಟ್ರು ಅಂಗೈ ಚಾಚಿ ನೋಡಿದರು.

"ನಾನ್ ಬಂದು ಹತ್ತು ನಿಮಿಷ. ಆರು ಸಲ ಎದ್ದಳು. ನಿನ್ ಮಗಳಿಗೆ ಲೆಕ್ಕ ಬರ್ತದಮ್ಮಾ. ಕೂರಕ್ಕೆ ಬರಲ್ಲ."

ಕರೆಯುವ ಮೊದಲೇ ಏಳುವ ಹುಡುಗಿಯೇ ಒಳ್ಳೆಯವಳು ಎಂದು ಅವಳನ್ನು ಹಾಗೆ ಬೆಳೆಸಿದ್ದವಳು ನಾನೇ.

ಮುಂದಿನ ಭಾನುವಾರ ತಂದೆತಾಯಿಗಳೆಲ್ಲ ಸ್ಕೂಲಿಗೆ ಬರಬೇಕೆಂದು ಹೇಳಿಕಳಿಸಿದರು. ಹೋದೆವು. ಬೆಂಚಿನ ಮೇಲೆ ಒಬ್ಬೊಬ್ಬರ ಮುಂದೆಯೂ ಒಂದೊಂದು ರಾಶಿ ಕಡಲೆಕಾಯಿ. ಯಾರದೋ ಬಿತ್ತನೆ ಕಾಯಿ.

"ಇವತ್ತು ನಿಮಗೆ ಪರೀಕ್ಷೆ. ಮೂರು ಗಂಟೆ ಸುಲೀಬೇಕು. ಮಾತಾಡಂಗಿಲ್ಲ, ಏಳಂಗಿಲ್ಲ, ತಿನ್ನಂಗೂ ಇಲ್ಲ."

ಎಲ್ಲರೂ ನಕ್ಕರು. "ಬೀಡಿ ಸೇದಬೋದಾ ಮೇಷ್ಟ್ರೇ?" ಎಂದು ನಿಮ್ಮ ತಾತ ಕೇಳಿದರು. "ನಿಮ್ ಮಗಳು ಪರೀಕ್ಷೇಲಿ ಸೇದ್ತಾಳಾ ಯಜಮಾನ್ರೇ?" ಎಂದರು ಮೇಷ್ಟ್ರು. ಮತ್ತೆ ನಗು. ಬೆಲ್ಲು ಹೊಡೆಯಿತು.

ಅರ್ಧ ಗಂಟೆ ಕಳೆದಿರಬೇಕು. ಕಿಟಕಿಗಳಲ್ಲಿ ನಮ್ಮ ಮಕ್ಕಳ ಮುಖಗಳು ಕಂಡವು. ಮೇಷ್ಟ್ರೇ ಅವರಿಗೆ ಹೇಳಿಕೊಟ್ಟಿದ್ದರು. "ಅಮ್ಮಾ, ನೀರು!" "ಅಪ್ಪಾ, ಯಾರೋ ಬಂದವ್ರೆ!" ಬಿಟ್ಟೂ ಬಿಡದೆ ಕೂಗತೊಡಗಿದರು. ಒಬ್ಬಾಕೆ ಎದ್ದು, ನೆನಪಾಗಿ, ನಾಲಿಗೆ ಕಚ್ಚಿ ಕೂತಳು. ಮೂಲೆಯ ಕಿಟಕಿಯಿಂದ ನಿಮ್ಮಮ್ಮನ ದನಿ ಕೇಳಿತು, ತುಂಬ ಮೆಲ್ಲಗೆ. "ಅಪ್ಪಾ... ಕುರಿ ರೊಪ್ಪದಿಂದ ಆಚೆ ಬಂದ್ಬುಟ್ಟವೆ."

ನಿಮ್ಮ ತಾತ ಎದ್ದು ಬಾಗಿಲವರೆಗೂ ಓಡಿದರು.

"ಯಜಮಾನ್ರೇ, ಫೇಲ್!"

"ಏನ್ ಮೇಷ್ಟ್ರೇ ಇದು! ಕುರಿ ಹೋದ್ರೆ ಕೂತಿರಾಕಾಯ್ತದಾ?"

"ಆಗಲ್ಲ. ನಿಮ್ ಮಗಳ ಕೈಲೂ ಆಗಲಿಲ್ಲ. ಒಂದು ಗಂಟೆಗೆ ಎದ್ದು ಬಂದಳು."

ತಾತ ಬಾಗಿಲಲ್ಲೇ ನಿಂತರು. ಕಿಟಕಿಯ ಕಡೆ ನೋಡಿದರು. ಆಮೇಲೆ ಬಂದು ಕೂತು, ಉಳಿದ ರಾಶಿಯನ್ನು ತಲೆಯೆತ್ತದೆ ಸುಲಿದರು.

ನಾನು ಏಳಲಿಲ್ಲ. ಮದುವೆಯಾದಮೇಲೆ ನಾನು ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೇ ಮೊದಲು. ಮೊದಲೆಲ್ಲ ಕಾಲು ಚಡಪಡಿಸಿತು, ಒಲೆ, ಹಿಟ್ಟು, ನೀರು ಎಂದು ಮನಸ್ಸು ಓಡಿತು. ಬರುಬರುತ್ತಾ ಸಿಪ್ಪೆ ಒಡೆಯುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಕೊನೆಯ ಬೆಲ್ಲಾದಾಗ ಮೇಷ್ಟ್ರು ನನ್ನ ಬೆಂಚಿನ ಮುಂದೆ ಬಂದು, "ಈಯಮ್ಮ ಪಾಸು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಪರೀಕ್ಷೆಗೆ ಓದುವ ರಜೆ ಶುರುವಾಗಿತ್ತು. ಮಾರನೆಯ ದಿನ ತಾತ ರಾಗಿ ತುಂಬಿಡುವ ವಾಡೆಯ ಹಿಂದಿನ ಮೂಲೆ ಗುಡಿಸಿ ಚಾಪೆ ಹಾಸಿದರು. "ಅವ್ವಾ, ಒಂಬತ್ತರಿಂದ ಹನ್ನೆರಡರ ಗಂಟ ಹುಡ್ಗೀನ ಕರೀಬ್ಯಾಡ. ನನ್ನ ಕರಿ."

"ನಿನ್ನ ಕರುದ್ರೆ ಎಲೆ ಅಡಿಕೆ ಕುಟ್ಟಿಕೊಡ್ತೀಯೇನ್ಲಾ?" ಎಂದರು ನಮ್ಮತ್ತೆ.

ಕುಟ್ಟಿಕೊಟ್ಟರು. ಪರೀಕ್ಷೆ ಮುಗಿಯುವವರೆಗೂ ನನ್ನ ಮೈದುನನ ಜೊತೆ ಕುರಿ ಕಳಿಸಿ, ತಾವು ಮನೆಯಲ್ಲಿದ್ದು ಕುಟ್ಟಿದರು. ಮೊದಮೊದಲು ಅರ್ಧ ಗಂಟೆಗೊಮ್ಮೆ ತಾನಾಗಿಯೇ ಎದ್ದು ಬರುತ್ತಿದ್ದ ಹುಡುಗಿ ಹತ್ತು ದಿನದಲ್ಲಿ ಮೂರು ಗಂಟೆ ಕೂರುವುದನ್ನು ಕಲಿತಳು.

ಪರೀಕ್ಷೆ ಶಿರಾದಲ್ಲಿ. ಲೆಕ್ಕದ ದಿನ ತಾತನೂ ಬಸ್ಸು ಹತ್ತಿದರು. ಅಲ್ಲಿ ನಡೆದದ್ದನ್ನು ನಿಮ್ಮಮ್ಮ ನನಗೆ ಹೇಳಿದ್ದಾಳೆ. ಕೊನೆಯ ಬೆಲ್ಲಾದ ಮೇಲೆ, ಎಲ್ಲರಿಗಿಂತ ಹಿಂದೆ ಅವಳು ಹೊರಗೆ ಬಂದಳಂತೆ. ಗೇಟಿನೆದುರಿನ ಹುಣಸೆಮರದ ಕೆಳಗೆ ಅವಳಪ್ಪ, ಅವಳು ಒಳಗೆ ಹೋಗುವಾಗ ಹೇಗೆ ಕೂತಿದ್ದರೋ ಹಾಗೇ ಕೂತಿದ್ದರು. ಮೇಷ್ಟ್ರು ಬಂದಾಗ ದಾರ ಬಿಚ್ಚದ ಬೀಡಿ ಕಟ್ಟು ತೋರಿಸಿ, "ಈಗೇನಂತೀರಾ ಮೇಷ್ಟ್ರೇ?" ಎಂದರು. ಮೇಷ್ಟ್ರು ಅಂಗೈ ಚಾಚಿ ಗಡಿಯಾರ ನೋಡಿ, "ಮೂರು ಗಂಟೆ ಐದು ನಿಮಿಷ. ಯಜಮಾನ್ರು ಪಾಸು" ಎಂದರು.

ನಿಮ್ಮಮ್ಮನೂ ಪಾಸಾದಳು. ಮುಂದೆ ಓದಿ ನರ್ಸ್ ಆದಳು. ಕೊರಟಗೆರೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮೇಷ್ಟ್ರು ರಿಟೈರಾಗಿ ಪಾವಗಡಕ್ಕೆ ಹೋದರು. ಅವರು ತೀರಿಕೊಂಡದ್ದು ನಮಗೆ ತಿಂಗಳಾದ ಮೇಲೆ ತಿಳಿಯಿತು. ಆ ಬೆಲ್ಲದ ಚೂರು ಬಿಟ್ಟರೆ ಅವರ ಕೈಗೆ ನಾನು ಏನೂ ಇಟ್ಟವಳಲ್ಲ, ಉಪಕಾರವಾಯಿತು ಎಂದು ಒಂದು ಮಾತೂ ಆಡಿದವಳಲ್ಲ.

ನೀವು ಓದಲು ಕೂತಾಗ ಅಜ್ಜಿ ಮೊರ ಹಿಡಿದುಕೊಂಡು ಬಾಗಿಲ ಹತ್ತಿರ ಯಾಕೆ ಕೂರುತ್ತಾಳೆ ಎಂದು ನಗುತ್ತೀರಲ್ಲ, ಇದಕ್ಕೇ. ಹೊರಗಿಂದ ಯಾರೇ ಕರೆಯಲಿ, ನೀವು ಏಳಬೇಡಿ. ನಾನು ಏಳುತ್ತೇನೆ.