ಮಗಳ ಮನೆಯ ನೀರು

ಅಪ್ಪ ಕೊಟ್ಟೂರಿನಿಂದ ಹೊರಟು, ರೈಲು ಬದಲಿಸಿ ಬದಲಿಸಿ, ಕಾಲು ಬಾತುಕೊಂಡು ಬಿಹಾರದ ಗಯಾದಲ್ಲಿರುವ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತ. ನನ್ನ ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೈಮುಗಿದರು, ಕುರ್ಚಿ ತೋರಿಸಿದರು. ನೀರು ಮಾತ್ರ ಕೊಡಲಿಲ್ಲ. ನಾನೇ ತಂಬಿಗೆ ತುಂಬಿಕೊಂಡು ಹೊರಟರೆ ನಡುಬಾಗಿಲಲ್ಲಿ ತಡೆದು, ತಂಬಿಗೆಯನ್ನು ನನ್ನ ಕೈಯಿಂದ ಇಸಿದುಕೊಂಡು ಒಳಗೆ ಒಯ್ದರು. ಅಪ್ಪ ಅದನ್ನು ನೋಡಿದ.

ನಮ್ಮ ಕಡೆ ಹೇಗೆಂದು ಓದುವ ನಿಮಗೆ ಗೊತ್ತು. ಹೊಲದ ಬದುವಿಗೆ ಜಗಳ ತೆಗೆಯಲು ಬಂದವನಿಗೂ ಮೊದಲು ತಂಬಿಗೆ ನೀರು, ಆಮೇಲೆ ಬೈಗುಳ. ಬೀಗರಿಗೆ ನೀರು ಕೊಡದ ಮನೆಯನ್ನು ನಾನು ಕೊಟ್ಟೂರಲ್ಲೂ ಕಂಡಿಲ್ಲ, ಕೂಡ್ಲಿಗಿಯಲ್ಲೂ ಕಂಡಿಲ್ಲ. ಅಪ್ಪ ಕುರ್ಚಿಯ ತುದಿಯಲ್ಲಿ ಕೂತು, ಸ್ಟೇಷನ್ನಿನಲ್ಲಿ ಕೊಂಡ ಬಾಟಲಿ ತೆಗೆದು, ಅದರ ತಳದಲ್ಲಿದ್ದ ನೀರು ಕುಡಿದ.

ಅಪ್ಪನ ಈ ಬರುವಿಕೆಗೆ ನಾನು ಮೂರು ವರ್ಷ ಕಾದಿದ್ದೆ. ನಾನು ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ, ಕಾರ್ಖಾನೆಯಲ್ಲಿ ಕೈ ಸುಟ್ಟುಕೊಂಡು ಡ್ರೆಸಿಂಗಿಗೆ ಬರುತ್ತಿದ್ದವನು ಮನೋಜ. ಕೈ ವಾಸಿಯಾದ ಮೇಲೂ ಬರುತ್ತಿದ್ದ. ಮದುವೆ ಆದೆವು. ಅವನ ತಂದೆ ತೀರಿಕೊಂಡು ತಾಯಿ ಒಬ್ಬರೇ ಆದಾಗ ಅವನು ತನ್ನೂರು ಗಯಾಕ್ಕೆ ಮರಳಿದ, ಜೊತೆಗೆ ನಾನೂ ಹೊರಟೆ. ಆಗ ಕೊಟ್ಟೂರಿನ ನಮ್ಮ ಪಡಸಾಲೆಯಲ್ಲಿ ಸಭೆ ಸೇರಿತು. ಹಡಗಲಿಯ ಚಿಗಪ್ಪ, "ಅಲ್ಲಿ ಹಾಡಹಗಲ ಮಂದೀನ ಎತ್ತಾಕ್ಕೊಂಡು ಹೋಗ್ತಾರಂತ" ಅಂದ. ಹಗರಿಬೊಮ್ಮನಹಳ್ಳಿಯ ಸೋದರತ್ತೆ, "ಕರೆಂಟಿಲ್ಲ, ಮನಿಗೊಂದು ಪಿಸ್ತೂಲು ಐತಂತ" ಅಂದಳು. ಇವರಿಬ್ಬರೂ ಬಿಹಾರ ಅಂತ ಕಂಡಿದ್ದು ತಮ್ಮ ಮನೆಗೆ ಟೈಲ್ಸ್ ಹಾಕಿ ಹೋದ ಹುಡುಗರನ್ನಷ್ಟೆ. ಆ ಹುಡುಗರು ಒಂದು ಮೊಳೆ ಕೂಡ ಎತ್ತಿಕೊಂಡು ಹೋಗಿರಲಿಲ್ಲ.

ಅಪ್ಪ ಮಾತಾಡಿದ್ದು ಎಲ್ಲರದೂ ಮುಗಿದ ಮೇಲೆ. ನಮ್ಮಲ್ಲಿ ಪಿಂಡ ಇಡುವ ಪದ್ಧತಿ ಇಲ್ಲ, ಆದರೂ ಗಯಾ ಅಂದರೆ ಏನೆಂದು ಯಾರಿಗೆ ಗೊತ್ತಿಲ್ಲ? "ಗಯಾಕ್ಕ ಮಂದಿ ಸತ್ತವರ ಸಲುವಾಗಿ ಹೋಗ್ತಾರ. ನೀ ಬದುಕಾಕ ಹೊಂಟೀಯಲ್ಲ ಕೊಟ್ರಿ" ಅಂದ. ಕೊಟ್ರಿ ಅಂದರೆ ನಾನು, ಕೊಟ್ರಮ್ಮ. ಆಮೇಲೆ ಎದ್ದು ನಿಂತು, "ಕಟ್ಟಿಗೊಂಡಿ, ಆತು. ಆದರ ನಿನ್ನ ಮನ್ಯಾಗ ನಾ ತುತ್ತು ಮುಟ್ಟಾಂಗಿಲ್ಲ" ಅಂದು ಭಟ್ಟಿಗೆ ಹೊರಟುಹೋದ. ಅಪ್ಪನದು ಮಂಡಕ್ಕಿ ಭಟ್ಟಿ.

ಇಲ್ಲಿಗೆ ಬಂದ ಮೊದಮೊದಲು ಪೇಟೆಗೆ ಹೋದರೆ ಕೈಚೀಲವನ್ನು ಎದೆಗೆ ಅವುಚಿಕೊಂಡು ನಡೆಯುತ್ತಿದ್ದೆ. ಹಿಂದೆ ಯಾರಾದರೂ ಸ್ವಲ್ಪ ಜೋರಾಗಿ ಹೆಜ್ಜೆ ಹಾಕಿದರೆ ಗೋಡೆಗೆ ಒರಗಿ ದಾರಿ ಬಿಡುತ್ತಿದ್ದೆ. ಅವರು ಅವರ ಪಾಡಿಗೆ ಹೋಗುತ್ತಿದ್ದರು. ಬಿಸಿಲಂತೂ ಕೂಡ್ಲಿಗಿಯದೇ. ಫಲ್ಗು ನದಿ ನಮ್ಮ ಚಿಕ್ಕಹಗರಿಯ ಹಾಗೆ ವರ್ಷದ ಬಹುಕಾಲ ಬರೀ ಮರಳು. ತೋಡಿದರೆ ಒರತೆ ಬರುತ್ತದೆ. ಅದನ್ನು ಮೊದಲ ಸಲ ಕಂಡಾಗ ಅಲ್ಲೇ ಕೂತು ಅತ್ತಿದ್ದೆ.

ನಾವು ಅವರ ಬಗ್ಗೆ ಕಟ್ಟಿದ ಕಥೆಗೆ ಅವರೂ ಬಡ್ಡಿ ಸೇರಿಸಿಯೇ ಕೊಟ್ಟರು. ನಾನು ಅವರಿಗೆ 'ಮದ್ರಾಸಿ'. ಮೂರು ಹೊತ್ತೂ ಇಡ್ಲಿ ತಿನ್ನುವವಳು, ಮನೆಯ ಹಿಂದೆ ತೆಂಗಿನ ತೋಪು ಇರುವವಳು. ಕೊಟ್ಟೂರಿನ ನಮ್ಮ ಓಣಿಯಲ್ಲಿ ತೆಂಗಿನಮರ ಹುಡುಕಿಕೊಂಡು ಹೋಗಬೇಕು, ನಾವು ತಿನ್ನುವುದು ಜೋಳದ ರೊಟ್ಟಿ ಅಂದರೆ ಯಾರೂ ನಂಬಲಿಲ್ಲ. ಅತ್ತೆ ನನ್ನನ್ನು ಕರೆಯುವುದು 'ಕನಿಯಾ' ಅಂತ, ಅಂದರೆ ಹೊಸ ಸೊಸೆ. ಮೂರು ವರ್ಷವಾದರೂ ನಾನು ಹೊಸಬಳೇ. ಇಲ್ಲಿನ ಮಾತಿಗೆ ಮಗಹಿ ಅನ್ನುತ್ತಾರೆ. ಅದನ್ನು ನಾನು ಕಲಿತದ್ದು ಇಲ್ಲಿ ಕೆಲಸಕ್ಕೆ ಸೇರಿದ ಆಸ್ಪತ್ರೆಯಲ್ಲಿ, ನೋವು ಎಲ್ಲಿ ಅಂತ ಕೇಳುತ್ತ ಕೇಳುತ್ತ. ತರಕಾರಿಯವನ ಜೊತೆ ಅದೇ ಮಾತಿನಲ್ಲಿ ಜಗಳ ಆಡಿ ಗೆದ್ದ ದಿನ, ಅವನು ಸೋತು ಕೊಟ್ಟ ಕೊತ್ತಂಬರಿ ಕಟ್ಟನ್ನು ಮನೆತನಕ ಕೈಯಲ್ಲೇ ಹಿಡಿದುಕೊಂಡು ಬಂದೆ. ಹಾಗಂತ ಊರವರು ಹೇಳಿದ್ದೆಲ್ಲ ಸುಳ್ಳು ಅನ್ನಲಾರೆ. ಕರೆಂಟ್ ಹೋಗುತ್ತದೆ. ಹೆಸರು ಕೇಳುವ ಮೊದಲು ಜಾತಿ ಕೇಳುತ್ತಾರೆ. ಕತ್ತಲಾದ ಮೇಲೆ ನಾನು ಒಬ್ಬಳೇ ಬರುವುದು ಅತ್ತೆಗೆ ಸರಿಬರುವುದಿಲ್ಲ. ಕೊಟ್ಟೂರಲ್ಲಿ ಅವ್ವನಿಗೂ ಸರಿಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಅಪ್ಪ ಹೊರಡುವ ಮುಂಚೆ ಅವ್ವ ಫೋನ್ ಮಾಡಿದ್ದಳು. "ಈಗ ಉಣ್ತಾನ. ಸಿಟ್ಟು ಇಳದೈತಿ. ಆದರ ತಾನಾಗೇ ಕೇಳಾಂಗಿಲ್ಲ. ಒತ್ತಾಯ ಮಾಡ್ರಿ. ನಿಮ್ಮತ್ತಿಗೆ ಹೇಳು, ಗಟ್ಟಿ ಒತ್ತಾಯ ಮಾಡ್ಲಿ." ಇಷ್ಟೇ ನನಗೆ ಬೇಕಾಗಿದ್ದದ್ದು. ಅಪ್ಪ ನನ್ನ ಮನೆಯಲ್ಲಿ ಒಂದು ಹೊತ್ತು ಉಂಡರೆ ನನ್ನ ಮದುವೆಯನ್ನು ಒಪ್ಪಿದ ಹಾಗೆ. ಉಣ್ಣದೆ ಹೋದರೆ ಆ ಹಳೆಯ ಮಾತು ಹಾಗೇ ನಿಂತ ಹಾಗೆ. ಒತ್ತಾಯ ಮಾಡಬೇಕೆಂದು ಅತ್ತೆಗೆ ಹೇಳಿಕೊಡುವುದು ಬೇಡ ಅಂದುಕೊಂಡಿದ್ದೆ. ಬೀಗರಿಗೆ ಉಣ್ಣಿ ಅನ್ನುವುದನ್ನೂ ಹೇಳಿಕೊಡಬೇಕೆ?

ಅಡುಗೆಮನೆಯಲ್ಲಿ ಅತ್ತೆ ತಂಬಿಗೆಯ ನೀರನ್ನು ಕೊಡಕ್ಕೆ ಸುರಿದು, ನನ್ನನ್ನು ಅಯ್ಯೋ ಪಾಪ ಅನ್ನುವಂತೆ ನೋಡಿದರು. "ನಿಮ್ಮ ಕಡೆ ಹೇಗೋ ಗೊತ್ತಿಲ್ಲ ಕನಿಯಾ. ಇಲ್ಲಿ ಮಗಳನ್ನು ಕೊಟ್ಟ ಮೇಲೆ ಅವಳ ಮನೆಯ ನೀರು ಅಪ್ಪನಿಗೆ ಸಲ್ಲದು. ಕೊಟ್ಟ ಮನೆಯಿಂದ ತಿರುಗಿ ತಗೊಂಡರೆ ಪಾಪ ಅವರಿಗೇ ಅಂಟೋದು. ನನ್ನ ಅಪ್ಪ ಸಾಯೋ ತನಕ ಈ ಮನೆಯ ನೀರು ಮುಟ್ಟಲಿಲ್ಲ. ನಿಮ್ಮಪ್ಪನನ್ನು ನೋಡು, ಏನನ್ನೂ ಕೇಳದೆ ಹೇಗೆ ಕೂತಿದ್ದಾರೆ. ಎಂಥ ಮರ್ಯಾದಸ್ಥರು."

ಅಪ್ಪ ಕೂತಿದ್ದದ್ದು ಯಾರಾದರೂ ಏಳ್ರಿ ಊಟಕ್ಕೆ ಅನ್ನಲಿ ಅಂತ.

ಅತ್ತೆ ತಮ್ಮ ಮನೆಯ ತುಪ್ಪ, ಒಳ್ಳೆಯ ಬದನೆಕಾಯಿ ಎಲ್ಲ ಪಕ್ಕದ ಮನೆಗೆ ಕಳಿಸಿ ಅಪ್ಪನ ಊಟವನ್ನು ಅಲ್ಲಿ ಮಾಡಿಸಿದ್ದರು. ಇಲ್ಲಿ ಮಗಳ ಅಪ್ಪನಿಗೆ ಇದಕ್ಕಿಂತ ದೊಡ್ಡ ಗೌರವ ಇಲ್ಲ. ಅದನ್ನು ನಾನು ಹೇಳಿದಾಗ ಅಪ್ಪನ ಮುಖ ಕಪ್ಪಿಟ್ಟಿತು.

"ಊಟ ಬಾಜೂ ಮನ್ಯಾಗ? ನಾ ಬಂದದ್ದು ಮಗಳ ಮನಿಗೋ, ಮಂದಿ ಮನಿಗೋ?"

"ಅಪ್ಪಾ, ಇವರ ಪದ್ಧತಿ ಐತಿ ಅದು..."

"ನಾವು ಅವರಿಗೆ ಬ್ಯಾಡಾಗಿದ್ರ ನೆಟ್ಟಗ ಹೇಳು. ಪದ್ಧತಿ ಅಂತ ಕಥಿ ಕಟ್ಟಬ್ಯಾಡ. ನಾನೂ ನಾಕು ಊರು ಕಂಡೀನಿ. ನೀರು ಕೊಡಬಾರ್ದು ಅನ್ನೋ ಪದ್ಧತಿ ಎಲ್ಯಾರ ಇರತೈತೇನು?"

ನಾನು ಅತ್ತೆಯ ಮಾನ ಮುಚ್ಚಲು ಸುಳ್ಳು ಹೇಳುತ್ತಿದ್ದೇನೆ ಅಂತಲೇ ಅಪ್ಪ ತಿಳಿದ. ಮನೋಜ ಬಂದು ಹೇಳಿದರೂ ನಂಬಲಿಲ್ಲ, ಅವನು ಅತ್ತೆಯ ಮಗನಲ್ಲವೇ. ಅವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ ಎರಡು ಸಜ್ಜೆ ರೊಟ್ಟಿ ತಿಂದು ಮಲಗಿದ. ಅತ್ತೆ ಬಾಗಿಲ ಸಂದಿಯಿಂದ ನೋಡಿ ಇನ್ನಷ್ಟು ಮೆಚ್ಚಿಕೊಂಡರು.

ಮರುದಿನ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಗೆ ಹೋದವನು ಮಧ್ಯಾಹ್ನವಾದರೂ ಬರಲಿಲ್ಲ. ಫೋನ್ ಮಂಚದ ಮೇಲೇ ಇತ್ತು. ಹಿಂದಿ ಬಾರದವನು, ಹೊಟ್ಟೆಗೆ ಇಲ್ಲದವನು. ಮನೋಜನಿಗೆ ತಿಳಿಸಿ, ನಾನೂ ಅತ್ತೆಯೂ ಓಣಿಗೆ ಇಳಿದೆವು. ಓಣಿಯ ತಿರುವು ದಾಟಿ ಒಬ್ಬರೇ ಹೋಗದ ಅತ್ತೆ ನನ್ನ ಮುಂದೆ ಮುಂದೆ ಓಡುತ್ತಿದ್ದರು, ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಮನೋಜನದು. ಔಷಧಿ ಅಂಗಡಿ, ಗುಡಿ, ಆಟೋ ಸ್ಟ್ಯಾಂಡ್, ಎಲ್ಲೂ ಇಲ್ಲ. ಆಗ ನನ್ನ ಬಾಯಿಂದ ಆ ಮಾತು ಬಂದೇಬಿಟ್ಟಿತು. "ಯಾರಾದರೂ ಎತ್ತಿಕೊಂಡು ಹೋಗಿದ್ದರೆ?"

ಅತ್ತೆ ನಿಂತರು. "ನೀನೂನಾ?" ಅಂದರು. "ಮೂರು ವರ್ಷ ನಮ್ಮ ಜೊತೆ ಉಂಡು, ನೀನೂ ಹಾಗೇ ಅಂದುಕೊಂಡಿದ್ದೀಯಾ?"

ಊರಿನಿಂದ ಫೋನ್ ಬಂದಾಗಲೆಲ್ಲ ಬಿಹಾರದ ಪರ ವಾದ ಮಾಡುತ್ತಿದ್ದವಳು ನಾನೇ. ಚಿಗಪ್ಪನ ಮಾತು ನನ್ನೊಳಗೆ ಹೀಗೆ ಬೆಚ್ಚಗೆ ಕೂತಿತ್ತು ಅಂತ ನನಗೇ ಗೊತ್ತಿರಲಿಲ್ಲ. ಅತ್ತೆ ಮತ್ತೆ ನಡೆದರು.

ಅಪ್ಪ ಸಿಕ್ಕಿದ್ದು ಭೂಂಜಾ ಅಂಗಡಿಯಲ್ಲಿ. ಭೂಂಜಾ ಅಂದರೆ ಕಾದ ಮರಳಿನಲ್ಲಿ ಹುರಿದ ಕಾಳು, ಮಂಡಕ್ಕಿ. ಒಬ್ಬ ಮುದುಕಿ ಒಲೆಯ ಮುಂದೆ ಕೂತು ಹುರಿಯುತ್ತಿದ್ದಳು. ಅಪ್ಪ ಲುಂಗಿ ಮೇಲೆತ್ತಿ ಕಟ್ಟಿಕೊಂಡು ಅವಳ ಎದುರು ಕುಕ್ಕರುಗಾಲಲ್ಲಿ ಕೂತು, ಮರಳು ಇನ್ನೂ ಕಾಯಬೇಕು ಅಂತ ಕನ್ನಡದಲ್ಲಿ ವಾದಿಸುತ್ತಿದ್ದ. ಅವಳು ಕಾದಿದೆ ಅಂತ ಮಗಹಿಯಲ್ಲಿ ಬೈಯುತ್ತಿದ್ದಳು. ಅಪ್ಪನ ಕೈಯಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಮಂಡಕ್ಕಿ, ಸಾಸಿವೆ ಎಣ್ಣೆ, ಹಸಿಮೆಣಸಿನಕಾಯಿ. ಆ ಎಣ್ಣೆಯ ಘಾಟಿಗೆ ಅವನ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಜೀವ ತಣ್ಣಗಾಯಿತು.

"ಈ ಯಮ್ಮನ್ನ ನೋಡು, ಬ್ಯಾಡಂದ್ರೂ ಬಿಡವಲ್ಲಳು, ಕೈಗೆ ಹಾಕ್ಯಾಳ" ಅಂದ ಅಪ್ಪ. "ಒತ್ತಾಯ ಅಂದ್ರ ಇದು."

ಇವರು ಯಾರು ಅಂತ ಮುದುಕಿ ನನ್ನನ್ನು ಕೇಳಿದಳು. ನನ್ನ ಅಪ್ಪ, ನಮ್ಮ ಮನೆಗೆ ಬಂದಿದ್ದಾರೆ ಅಂದೆ. ಅವಳು ಹಣೆಗೆ ಕೈ ಬಡಿದುಕೊಂಡಳು. "ಅದಕ್ಕೇ ಇಷ್ಟು ಹಸಿದಿದ್ದಾರೆ. ಮಗಳ ಮನೆಯಲ್ಲಿ ಹೇಗೆ ತಿಂತಾರೆ ಪಾಪ" ಅಂದು ಇನ್ನೊಂದು ಹಿಡಿ ಹಾಕಿದಳು.

"ಏನಂದ್ಲು ಆಕಿ?"

ಹೇಳಿದೆ. ಅಪ್ಪ ಮುದುಕಿಯ ಮುಖ ನೋಡಿದ. ನಾನು ಅವಳಿಗೆ ಏನೂ ಹೇಳಿಕೊಟ್ಟಿರಲಿಲ್ಲ ಅನ್ನುವುದು ಅವನಿಗೆ ಕಾಣುತ್ತಿತ್ತು. ಆಮೇಲೆ ದೂರದಲ್ಲಿ ಕಂಬ ಹಿಡಿದು ಏದುಸಿರು ಬಿಡುತ್ತಿದ್ದ ಅತ್ತೆಯನ್ನು, ಅವರ ಕಾಲಲ್ಲಿದ್ದ ಬೇರೆ ಬೇರೆ ಚಪ್ಪಲಿಯನ್ನು ನೋಡಿದ.

"ಹಂಗಾರ ಖರೇನ?"

"ಖರೇನ ಅಪ್ಪಾ."

ಸಂಜೆ ಅಪ್ಪ ಚೀಲ ಬಿಚ್ಚಿ, ನಮ್ಮ ಭಟ್ಟಿಯ ಮಂಡಕ್ಕಿ, ಶೇಂಗಾ ಚಟ್ನಿ, ಉಳಿದ ಸಜ್ಜೆ ರೊಟ್ಟಿ ಎಲ್ಲ ಅತ್ತೆಯ ಮುಂದೆ ಇಟ್ಟ. ಮಗಳ ಕಡೆಯವರು ಕೊಡಬಹುದು, ಅದಕ್ಕೆ ಅಡ್ಡಿಯಿಲ್ಲ. ಅತ್ತೆ ರೊಟ್ಟಿ ಮುರಿಯಲಾರದೆ ನಕ್ಕರು, ಅಪ್ಪ ಮುರಿದುಕೊಟ್ಟ. ಆಮೇಲೆ ತಾನೇ ಎದ್ದು ಪಕ್ಕದ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡುಬಂದ. "ಆಕಿ ಅಪ್ಪ ಸಾಯೋತನಕ ನೀರು ಮುಟ್ಟಿಲ್ಲಂದ್ರ, ನಾ ಉಂಡು ಆಕಿ ಮನಸ್ಸು ಯಾಕ ನೋಯಿಸ್ಲಿ? ನೀ ಚಿಂತಿ ಮಾಡಬ್ಯಾಡ ಯವ್ವಾ" ಅಂದ ನನಗೆ.

ಎಲ್ಲರಿಗೂ ಸಮಾಧಾನವಾಗಿತ್ತು. ನನಗೊಬ್ಬಳಿಗೇ ಸಂಕಟ. ಅಪ್ಪನಿಗಾಗಿ ಕೆಡದಂತೆ ಕಾಪಿಟ್ಟಿದ್ದ ಜೋಳದ ಹಿಟ್ಟು ಡಬ್ಬಿಯಲ್ಲಿ ಹಾಗೇ ಇತ್ತು. ನಾಳೆ ಅಪ್ಪನ ರೈಲು. ಒಲೆಯ ಮುಂದೆ ಕೂತು ಅಳುತ್ತಿದ್ದಾಗ ಅತ್ತೆ ಬಂದು, ಎಲ್ಲ ಸರಿಹೋಯಿತಲ್ಲ, ಇನ್ನೇನು ಅಂತ ಕೇಳಿದರು. ಹೇಳಿಬಿಟ್ಟೆ. ನಮ್ಮಲ್ಲಿ ಉಣ್ಣದೆ ಹೋಗುವುದು ಅಂದರೆ ಮುನಿಸು, ನಾನು ಊರು ಬಿಡುವ ಹೊತ್ತಲ್ಲಿ ಅಪ್ಪ ಆಡಿದ್ದು ಇಂಥ ಮಾತು, ಅದು ಮುರಿಯಲಿ ಅಂತ ಮೂರು ವರ್ಷ ಕಾದಿದ್ದೆ, ಅಂತ. ಅತ್ತೆ ಸೆರಗಿನ ತುದಿ ತಿರುವುತ್ತ ಕೂತರು. "ಈ ಮನೆಯಲ್ಲಿ ನನ್ನಿಂದ ಆಗೋದಿಲ್ಲ ಕನಿಯಾ" ಅಂದರು.

ಬೆಳಿಗ್ಗೆ ನಾನು ಏಳುವಾಗ ಅವರು ಕೆಂಡ ಮಾಡಿ ಲಿಟ್ಟಿ ಸುಡುತ್ತಿದ್ದರು. ಒಳಗೆ ಪುಟಾಣಿ ಹಿಟ್ಟು ತುಂಬಿದ ಗೋಧಿಯ ಉಂಡೆ ಅದು. "ನೀನು ನಿನ್ನ ರೊಟ್ಟಿ ಬಡಿ" ಅಂದರು. ಯಾಕೆಂದು ಹೇಳಲಿಲ್ಲ. ನಾನು ಬಡಿದೆ. ಸುಟ್ಟ ಬದನೆಕಾಯಿಯ ಬಜ್ಜಿಯೊಂದಿಗೆ ಎಲ್ಲವನ್ನೂ ಡಬ್ಬಿಗೆ ತುಂಬಿದರು.

ಪ್ಲಾಟ್‌ಫಾರ್ಮಿನಲ್ಲಿ, ಮನೋಜ ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ನೋಡಲು ಹೋದಾಗ, ಅತ್ತೆ ಡಬ್ಬಿಯನ್ನು ನನ್ನ ಮಡಿಲಿಗೆ ಇಟ್ಟರು. "ಸ್ಟೇಷನ್ ಯಾರ ಮನೆಯೂ ಅಲ್ಲ. ಬಡಿಸು. ನಿಮ್ಮ ಕಡೆ ಹೇಗೆ ಒತ್ತಾಯ ಮಾಡ್ತೀರೋ ಹಾಗೆ ಮಾಡು" ಅಂದು, ನಾಲ್ಕು ಹೆಜ್ಜೆ ಆಚೆ ಹೋಗಿ, ನಮಗೆ ಬೆನ್ನು ಮಾಡಿ ನಿಂತರು.

"ಅಪ್ಪಾ, ಉಣ್ಣು."

"ಬ್ಯಾಡವ್ವಾ, ಹೊಟ್ಟಿ ತುಂಬೈತಿ."

"ಎಲ್ಲಿ ತುಂಬೈತಿ? ಉಣ್ಣು. ನಾ ಮಾಡೀನಿ."

ಎರಡನೆಯ ಸಲಕ್ಕೂ ಬೇಡ ಅಂದ, ಮೂರನೆಯ ಸಲಕ್ಕೆ ಕೈ ಚಾಚಿದ. ಬೆಂಚಿನ ಮೇಲೆ ಕಾಲು ಮಡಚಿ ಕೂತು, ನನ್ನ ರೊಟ್ಟಿ, ಅತ್ತೆಯ ಲಿಟ್ಟಿ ಎರಡನ್ನೂ ಉಂಡ. ಸಾಕು ಅಂದಾಗ ಇನ್ನೊಂದು ಹಾಕಿದೆ. ಅದನ್ನೂ ಉಂಡ. ಬಾಟಲಿ ಕೊಟ್ಟಾಗ ಕೈ ತಡೆದು, "ನೀರು ಎಲ್ಲೀದು?" ಅಂತ ಕೇಳಿದ.

"ಮನೀದು" ಅಂದೆ.

ಅಪ್ಪ ಅತ್ತೆಯ ಬೆನ್ನಿನ ಕಡೆ ಒಮ್ಮೆ ನೋಡಿದ. ಆಮೇಲೆ ಬಾಟಲಿ ಎತ್ತಿ ಪೂರ್ತಿ ಕುಡಿದ.

ರೈಲು ಹೋದ ಮೇಲೆ ಅತ್ತೆ ತಿರುಗಿದರು. ಉಂಡರಾ ಅಂತ ಕೇಳಿದರು, ಉಂಡರು ಅಂದೆ. "ನಾನಂತೂ ಏನೂ ನೋಡಿಲ್ಲ" ಅಂದು ಖಾಲಿ ಡಬ್ಬಿಯನ್ನು ತಮ್ಮ ಕೈಗೆ ತೆಗೆದುಕೊಂಡರು.

ಆಟೋದಲ್ಲಿ ಬರುವಾಗ ಅವ್ವನ ಫೋನ್ ಬಂತು. "ಉಂಡನೇನು ನಿಮ್ಮಪ್ಪ?"

"ಉಂಡ ಅವ್ವಾ. ಎರಡೆರಡು ಸಲ ಹಾಕಿಸಿಗೊಂಡು ಉಂಡ."

ಆ ಕಡೆಯಿಂದ ಅವ್ವ ಮೂಗೆಳೆದುಕೊಂಡದ್ದು ಕೇಳಿಸಿತು. ಸೆರಗಲ್ಲಿ ಕಣ್ಣು ಒರೆಸಿಕೊಂಡಿರಬೇಕು. "ಎಲ್ಲಿ ಕುಂದ್ರಿಸಿ ಬಡಿಸಿದಿ? ಪಡಸಾಲ್ಯಾಗನ, ಅಡಿಗಿಮನ್ಯಾಗನ?"

ಅತ್ತೆಗೆ ಕನ್ನಡ ಬರುವುದಿಲ್ಲ. ಆದರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೊರಗ, ಅವ್ವಾ" ಅಂದೆ. "ಗಾಳಿ ಬರೋ ಕಡಿ."