ಮನೆಮಂದಿಯೆಲ್ಲ ವೇದಿಕೆ ಹತ್ತಿದ ದಿನ

"ಇವಳು ಡಿಗ್ರಿ ಮುಗಿಸೋದಾ? ಆಗೋ ಹೋಗೋ ಮಾತಲ್ಲ ಬಿಡು" ಎಂದವರು ನಾವು ದುಡಿಯುವ ಕಾಫಿ ತೋಟದ ರೈಟರ್, ಕೂಲಿಯ ಲೆಕ್ಕ ಬರೆಯುವವರು. ನಾನು ಗೋಣಿಕೊಪ್ಪಲಿನ ಕಾಲೇಜಿಗೆ ಬಿ.ಎ.ಗೆ ಸೇರಿದ ವರ್ಷ, ಕೂಲಿಯವರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಯ ಮುಂದೆ ನಿಂತು ಅಪ್ಪನಿಗೆ ಹೀಗೆ ಹೇಳಿದ್ದರು. ಅವರು ಕೆಟ್ಟವರಲ್ಲ, ಕಂಡದ್ದನ್ನು ಹೇಳಿದರು. ನಮ್ಮ ಜೇನುಕುರುಬರ ಲೈನಿನಲ್ಲಿ ಹತ್ತನೇ ಕ್ಲಾಸು ಮುಟ್ಟಿದವರೇ ಕಡಿಮೆ. ಮುಟ್ಟಿದವರೂ ಮುಂದಿನ ಕಾಫಿ ಕೊಯ್ಲಿಗೆ ಸೊಂಟಕ್ಕೆ ಚೀಲ ಕಟ್ಟಿದ್ದರು.

ಚಿಕ್ಕಂದಿನಲ್ಲಿ ನನಗೂ ದೊಡ್ಡ ಆಸೆಗಳೇನಿರಲಿಲ್ಲ. ಆಶ್ರಮ ಶಾಲೆಯಲ್ಲಿ ಟೀಚರ್ "ಮುಂದೆ ಏನಾಗ್ತೀಯ?" ಎಂದು ಕೇಳಿದರೆ "ಅಡುಗೆಯವಳು" ಎನ್ನುತ್ತಿದ್ದೆ. ದಿನಾಲೂ ಹೊಟ್ಟೆ ತುಂಬ ಉಣ್ಣುವವರು ಎಂದು ನಾನು ಕಂಡಿದ್ದು ಅಲ್ಲಿಯ ಅಡುಗೆಯವರನ್ನು ಮಾತ್ರ. ಟೀಚರ್ ನಕ್ಕು, "ಟೀಚರೂ ಉಣ್ತಾರೆ ಕಣೇ ಗೌರಿ" ಎಂದರು. ಹಾಗಾದರೆ ಟೀಚರೇ ಆಗೋಣ ಎಂದುಕೊಂಡೆ. ಆ ಆಸೆ ಹೊಟ್ಟೆಯಿಂದ ಶುರುವಾಗಿ ಯಾವಾಗ ತಲೆಗೆ ಹತ್ತಿತೋ ಗೊತ್ತಿಲ್ಲ.

ಮೂರನೇ ವರ್ಷದಲ್ಲಿ ರೈಟರ್ ಮಾತು ನಿಜವಾಗುವ ಹಾಗೆ ಕಂಡಿತು. ಹಿಂದಿನ ಬೇಸಿಗೆಯಲ್ಲಿ ಕಾಳುಮೆಣಸು ಕೊಯ್ಯುವಾಗ ಅಪ್ಪ ಏಣಿಯಿಂದ ಬಿದ್ದು ಭುಜ ಮುರಿದುಕೊಂಡಿದ್ದರು. ಕಾಫಿ ಹಣ್ಣಾಗುವ ಹೊತ್ತಿಗೂ ಕೈ ಮೇಲೇಳಲಿಲ್ಲ. ಲೈನ್ ಮನೆ ತೋಟದ್ದು, ಕೆಲಸಕ್ಕೆ ಬರುವವರಿಗೆ ಮಾತ್ರ. ಕೊಯ್ಲು ಶುರುವಾಗುತ್ತಲೇ ರೈಟರ್ ಬಾಗಿಲಿಗೆ ಬಂದರು.

"ಗೌರಿಯ ಅಣ್ಣ, ಅವ್ವ ಇಬ್ರೇ ಬಂದ್ರೆ ಸಾಲಲ್ಲ. ಅಪ್ಪನ ಬದಲು ಗೌರಿ ಬರ್ಲಿ. ಇಲ್ಲಾಂದ್ರೆ ಮನೆ ಖಾಲಿ ಮಾಡ್ಬೇಕಾಗ್ತದೆ. ನಾನೇನ್ ಮಾಡ್ಲಿ, ಸಾಹುಕಾರ್ರ ಮಾತು."

ನಾನು ಓದುತ್ತಿದ್ದ ಪುಸ್ತಕ ಮಡಚಿಟ್ಟೆ. ಆಗ ಒಲೆಯ ಮುಂದೆ ಕೂತಿದ್ದ ಅಜ್ಜಿ ಎದ್ದಳು. ಅವಳು ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಗೋಡೆಗೆ ತೂಗುಹಾಕಿದ್ದ ಚೀಲ ತೆಗೆದು ಸೊಂಟಕ್ಕೆ ಬಿಗಿದಳು.

"ಅಜ್ಜೀ, ನಿಂಗೆ ಕಣ್ಣು ಕಾಣ್ತದಾ? ಹಣ್ಣು ಬಿಟ್ಟು ಕಾಯಿ ಕುಯ್ದ್ರೆ ಬೈಸ್ಕೊಳ್ಳೋದು ನಾನು" ಎಂದರು ರೈಟರ್.

"ನೀನು ಮೀಸೆಗೆ ಬಣ್ಣ ಹಚ್ಚಿರೋದು ಒಲೆ ಹತ್ರದಿಂದ್ಲೇ ಕಾಣ್ತದೆ ರೈಟರೇ. ಹಣ್ಣು ಕಾಣಲ್ವಾ?"

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರೈಟರಿಗೂ ನಗು ತಡೆಯಲಾಗಲಿಲ್ಲ. "ಸರಿ, ಬಾ ಮಾರಾಯ್ತಿ" ಎಂದು ಹೊರಟರು.

ಆ ಕೊಯ್ಲು ಮುಗಿಯುವವರೆಗೂ ಅಜ್ಜಿ ಕೈಗೆಟಕುವ ಕೊಂಬೆಗಳ ಹಣ್ಣು ಕುಯ್ದಳು. ರಜೆಯ ದಿನ ನಾನೂ ಹೋಗುತ್ತಿದ್ದೆ. ಉಳಿದ ದಿನ ಅಪ್ಪ ನನ್ನನ್ನು ಬಸ್ಸಿನವರೆಗೆ ಬಿಡುತ್ತಿದ್ದರು. ತೋಟದಲ್ಲಿ ಆನೆ ನಿಂತಿದ್ದರೆ ಮೊದಲ ಪೀರಿಯಡ್ ಹೋದಂತೆಯೇ. ಹೀಗೇ ಓದಿ, ಪರೀಕ್ಷೆ ಬರೆದೆ. ಫಸ್ಟ್ ಕ್ಲಾಸು ಬಂತು.

ಪದವಿ ಪ್ರದಾನ ಕಳೆದ ವರ್ಷ, ಮತ್ತೆ ಕೊಯ್ಲಿನ ಕಾಲದಲ್ಲೇ. "ಎಲ್ರೂ ಬರ್ಬೇಡಿ, ಕೂಲಿ ಹೋಗ್ತದೆ" ಎಂದೆ. ಯಾರು ಕೇಳುತ್ತಾರೆ? ಅಪ್ಪ, ಅವ್ವ, ಅಣ್ಣ, ಹೊಸದಾಗಿ ಮನೆಗೆ ಬಂದಿದ್ದ ಅತ್ತಿಗೆ, ಎಲ್ಲರಿಗಿಂತ ಮೊದಲು ಅಜ್ಜಿ, ಜೀಪು ಹತ್ತಿ ಬಂದೇಬಿಟ್ಟರು. ಕರಿ ಗೌನು ಹಾಕಿ ನಿಂತಿದ್ದ ನನ್ನನ್ನು ನೋಡಿ ಅಣ್ಣ, "ಥೇಟ್ ಕರಡಿ ಕಣೇ. ಕಾಡಿನ ಕಡೆ ಮಾತ್ರ ಹೋಗ್ಬೇಡ, ಕರ್ಕೊಂಡು ಹೋಗ್ತಾವೆ" ಎಂದ. ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು.

ಮೈಕಿನಲ್ಲಿ ನನ್ನ ಹೆಸರು ಕರೆದರು. ಮೆಟ್ಟಿಲಿಗೆ ಕಾಲಿಡಬೇಕು, ಅಷ್ಟರಲ್ಲಿ ಹಿಂದೆ ಕುರ್ಚಿಗಳು ಕಿರ್ರೆಂದವು. ತಿರುಗಿ ನೋಡುತ್ತೇನೆ, ನಮ್ಮ ಮನೆಯವರೆಲ್ಲ ಎದ್ದು ಸಾಲಾಗಿ ವೇದಿಕೆಯ ಕಡೆ ಬರುತ್ತಿದ್ದಾರೆ!

ತೋಟದಲ್ಲಿ ಸಂಜೆ ಕಾಫಿ ತೂಗುವಾಗ ಮನೆಗೆ ಒಂದೇ ಹೆಸರು ಕರೆಯುವುದು. ಮನೆಯವರೆಲ್ಲ ಕುಯ್ದದ್ದು ಒಂದೇ ಮೂಟೆಗೆ ಹೋಗುತ್ತದೆ. ಹೆಸರು ಕೇಳಿದೊಡನೆ ಎಲ್ಲರೂ ಎದ್ದು, ಕೈಹಾಕಿ, ಮೂಟೆಯನ್ನು ತೂಕಕ್ಕೆ ಎತ್ತಬೇಕು. ಕೂತೇ ಇರುವವನು ಸೋಮಾರಿ. ಅವರಿಗೆ ಗೊತ್ತಿದ್ದ ಮರ್ಯಾದೆ ಅದು.

ಮೆಟ್ಟಿಲ ಬಳಿ ಇದ್ದ ಮೇಡಂ ತಡೆದರು. "ಅಜ್ಜಿ, ಮೊಮ್ಮಗಳು ಒಬ್ಬಳೇ ಹತ್ತಬೇಕು."

"ಹೆಸರು ಕರೆದ್ರಲ್ಲವ್ವ! ಇವಳೊಬ್ಳನ್ನೇ ಕಳ್ಸಿ ನಾವು ಕೂತಿರೋದಾ?"

ಸಭೆ ಗೊಳ್ಳೆಂದು ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಒಂದು ಕ್ಷಣ, ಇವರೆಲ್ಲ ಹಿಂದೆ ಹೋಗಬಾರದೇ ಅನ್ನಿಸಿದ್ದೂ ನಿಜ. ಆಮೇಲೆ ಅಜ್ಜಿಯ ಮುಖ ನೋಡಿದೆ. ಅವಳಿಗೆ ನಗುವವರ ಗೊಡವೆಯೇ ಇಲ್ಲ, ಮೇಲೆ ಹತ್ತುವುದೊಂದೇ ಯೋಚನೆ. ನಾನು ಅವಳ ಕೈ ಹಿಡಿದೆ. ಪ್ರಿನ್ಸಿಪಾಲರು ಮೇಲಿನಿಂದ, "ಬರ್ಲಿ ಮೇಡಂ, ಎಲ್ರೂ ಬರ್ಲಿ" ಎಂದರು. ನಗುತ್ತಿದ್ದವರೇ ಚಪ್ಪಾಳೆ ತಟ್ಟಿದರು.

ನಾನೀಗ ಬಿ.ಎಡ್. ಓದುತ್ತಿದ್ದೇನೆ. ಮಕ್ಕಳ ಮುಂದೆ ಪಾಠ ಮಾಡಲು ನಿಂತಾಗಲೆಲ್ಲ ಬೆನ್ನ ಹಿಂದೆ ಅವರೆಲ್ಲ ಇದ್ದಾರೆ ಅನ್ನಿಸುತ್ತದೆ. ಧೈರ್ಯ ತಾನಾಗಿ ಬರುತ್ತದೆ.

ಅಂದು ಪ್ರಿನ್ಸಿಪಾಲರು ಸರ್ಟಿಫಿಕೇಟು ಚಾಚಿದಾಗ ನನ್ನ ಕೈಗಿಂತ ಮೊದಲು ಅವರೆಲ್ಲರ ಕೈ ಹೋದವು, ಅಪ್ಪನ ಸರಿಯಾಗಿ ಮೇಲೇಳದ ಕೈ ಕೂಡ. ಅಜ್ಜಿ ಸರ್ಟಿಫಿಕೇಟನ್ನು ಅಂಗೈಯಲ್ಲಿಟ್ಟುಕೊಂಡು, ತೂಕ ನೋಡುವ ಹಾಗೆ ಮೇಲೆ ಕೆಳಗೆ ಆಡಿಸಿದಳು. ಆಮೇಲೆ ಮೈಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಅಯ್ಯೋ ಕೂಸೇ, ಇಷ್ಟು ಹಗುರದ್ದನ್ನ ಎತ್ತೋಕೆ ನಾವಿಷ್ಟು ಜನ ಬೇಕಾಯ್ತಲ್ಲೇ!"