ಸೊನ್ನೆ ಬರೆಯಲು ಬಿಡದವರು

ನಮ್ಮ ಮೇಲಧಿಕಾರಿಯ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಬೆರಳ ಮೇಲೆ ಎಂಜಿನ್ನಿನ ಮುಚ್ಚಳ ಬಿದ್ದು ಹೋದದ್ದು. ಆ ನುಣುಪು ಬೆರಳನ್ನು ಅವರು ಕಾಗದದ ಮೇಲೆ ಒತ್ತಿ ಹಿಡಿದರೆಂದರೆ ಅಲ್ಲಿ ನನ್ನ ತಪ್ಪಿದೆ ಎಂದೇ ಅರ್ಥ.

ಹೆಬ್ಬಾಳದ ಆ ಕಚೇರಿಯಲ್ಲಿ ನಮ್ಮ ಕೆಲಸ ಒಂದೇ. ವಿಮಾನದ ಎಂಜಿನ್ನುಗಳು ಎಷ್ಟು ಗಂಟೆ ಹಾರಿದವು, ಎಷ್ಟು ಸಲ ಕೆಟ್ಟವು ಎಂದು ನೋಡಿ, ಮುಂದೆ ಕೆಡುವ ಸಂಭವ ಎಷ್ಟೆಂದು ಅಂದಾಜು ಮಾಡುವುದು. ನಾನು ಸೇರಿದ ವಾರ ಹೊಸ ಮಾದರಿಯ ಎಂಜಿನ್ನೊಂದರ ಕಡತ ಬಂತು. ಅದು ಒಂದು ಸಲವೂ ಕೆಟ್ಟಿರಲಿಲ್ಲ. ಸಂಭವ ಸೊನ್ನೆ ಎಂದು ಬರೆದು, ಕೆಳಗೆ ಗೆರೆ ಎಳೆದು, ಸಮಯಕ್ಕೆ ಮುಂಚೆಯೇ ಒಪ್ಪಿಸಿದೆ.

ಬೆರಳು ಸೊನ್ನೆಯ ಮೇಲೆ ಕೂತಿತು.

"ಇದು ಕೆಡಲ್ಲ ಅಂತ ಯಾರು ಹೇಳಿದ್ರು?"

"ಇದುವರೆಗೆ ಕೆಟ್ಟಿಲ್ಲ ಸಾರ್."

"ನಾನೂ ಇದುವರೆಗೆ ಸತ್ತಿಲ್ಲ ಕಣಮ್ಮ. ನಂಗೂ ಸೊನ್ನೆ ಹಾಕ್ಬುಡ್ತೀರಾ? ಕೂತ್ಕೊಳಿ."

ಕೆಡದೆ ಹಾರಿದ ಗಂಟೆಗಳು ಹೆಚ್ಚಿದಂತೆ ಸಂಭವ ಇಳಿಯುತ್ತದೆ, ಆದರೆ ಸೊನ್ನೆಯನ್ನು ಮುಟ್ಟುವುದಿಲ್ಲ ಎಂಬುದನ್ನು ಅವರು ಕಲಿಸುವಷ್ಟರಲ್ಲಿ ಸಂಜೆಯ ಬಸ್ಸು ಹೊರಟುಹೋಗಿತ್ತು. ತಮ್ಮ ಸ್ಕೂಟರಿನಲ್ಲೇ ನನ್ನನ್ನು ಚಾಮರಾಜಪುರಂನ ಮನೆಯವರೆಗೆ ಬಿಟ್ಟರು. "ಧೈರ್ಯ ಹೇಳೋಕೆ ಬೇರೆ ಜನ ಇದ್ದಾರೆ, ನಾವು ಇದ್ದದ್ದು ಹೇಳೋರು" ಎಂಬುದು ಅವರ ಮಾತು. ನನ್ನ ನಿವೃತ್ತಿಯವರೆಗೂ ನಾನು ಅದನ್ನು ಮೀರಲಿಲ್ಲ.

ಕಳೆದ ವರ್ಷ ಅವರ ಹೃದಯದ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಹಿಂದಿನ ಸಂಜೆ ನಾಲ್ಕಕ್ಕೆ, ಭೇಟಿಯ ವೇಳೆ ಶುರುವಾಗುತ್ತಲೇ ಆಸ್ಪತ್ರೆಗೆ ಹೋದೆ. ಅವರು ಹೊದಿಕೆಯ ಅಂಚನ್ನು ಮಡಿಸುತ್ತ, ಬಿಡಿಸುತ್ತ ಕುಳಿತಿದ್ದರು.

"ಅಪಾಯ ಕಡಿಮೆ ಅಂತಾರೆ ಡಾಕ್ಟ್ರು. ನಿಮ್ಮ ಅಂದಾಜೇನು?"

"ನಿಮ್ಮ ವಯಸ್ಸಿಗೆ, ಸಕ್ಕರೆ ಕಾಯಿಲೆಗೆ ಅಷ್ಟು ಕಡಿಮೆ ಅನ್ನಕ್ಕಾಗಲ್ಲ ಸಾರ್."

ಅವರು ಮಡಿಸುತ್ತಿದ್ದ ಅಂಚನ್ನು ಕೈಬಿಟ್ಟರು. "ಏನೂ ಆಗಲ್ಲ ಅಂದ್ಬುಡಿ ಕಣಮ್ಮ. ಒಂದ್ಸಲ."

ನನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡೆ. ಇಷ್ಟು ವರ್ಷವಾದ ಮೇಲೆ ಸಿಕ್ಕಿಬೀಳಬಾರದೆಂದು ನಕ್ಕು ಹೇಳಿದೆ: "ಸೊನ್ನೆ ಬರೆಯೋ ಹಾಗಿಲ್ಲ ಸಾರ್. ನೀವೇ ಕಲಿಸಿದ್ದು."

"ಹೌದು, ಹೌದು" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಐದಕ್ಕೆ ಸರಿಯಾಗಿ ನಾನು ಎದ್ದು ಬಂದೆ.

ಮರುದಿನ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಅವರು ತೀರಿಕೊಂಡರು.

ಹದಿಮೂರನೆಯ ದಿನ ಅವರ ಹೆಂಡತಿ ನನ್ನ ಪಕ್ಕ ಬಂದು ಕುಳಿತರು. "ನೀವು ಬಂದು ಹೋದ್ರಲ್ಲ, ಆಮೇಲೆ ಮಾತೇ ಆಡ್ಲಿಲ್ಲ ಕಣ್ರೀ. ಬೆಳಗಾಗೋ ತಂಕ ಗೋಡೆ ನೋಡ್ತಾ ಇದ್ರು. ನಿಮ್ ಹತ್ರ ಏನಾದ್ರೂ ಅಂದಿದ್ರಾ?"

"ಇಲ್ಲ" ಎಂದೆ.